ಕಣ್ಣಂದಾಜಿನ ಬಣ್ಣ

ಏಳನೇ ಮಂಚಕ್ಕೆ ತೂಗುಹಾಕಿದ್ದ ಚೀಟಿಯಲ್ಲಿ ಆ ಹೆಸರನ್ನು ಓದಿದ ಮೇಲೆ ದಲ್ವನೀರಾ ವಾರ್ಡಿನ ಬಾಗಿಲ ಬಳಿಯ ನಲ್ಲಿಗೆ ಹೋಗಿ ಕೈ ತೊಳೆಯಲು ನಿಂತವಳು ತೊಳೆಯುತ್ತಲೇ ಇದ್ದಳು. ಹಿಂದೆ, ಪ್ರೊಫೆಸರ್ ಎನ್ನುವ ಬದಲು ಅವಳನ್ನು ಪ್ರೋ ಎಂದು ಕರೆಯುವ ಐದು ಮಂದಿ ನರ್ಸಿಂಗ್ ವಿದ್ಯಾರ್ಥಿನಿಯರು ಸಾಲಾಗಿ ಕಾಯುತ್ತಿದ್ದರು. ಪ್ರೋ ಇವತ್ತು ಕೈ ತೊಳೆಯುವ ಪಾಠವನ್ನು ಮೊದಲಿನಿಂದ ಮಾಡಿ ತೋರಿಸುತ್ತಿದ್ದಾರೆ ಎಂದುಕೊಂಡು ಒಬ್ಬಳು ತನ್ನ ಬೆರಳ ಸಂದಿಗಳನ್ನೂ ಉಜ್ಜಿಕೊಳ್ಳತೊಡಗಿದಳು. ತೈಸ್ಲಾ ದಾಸ್ ವಿರ್ಜೆನ್ಸ್, ಹತ್ತೊಂಬತ್ತು ವರ್ಷ, ನಿನ್ನೆ ಸಂಜೆ ಹೆರಿಗೆ. ಈ ಸಾಲ್ವದೋರ್ ಊರಿನಲ್ಲಿ ದಾಸ್ ವಿರ್ಜೆನ್ಸ್ ಮನೆತನದವರಿಗೇನು ಬರವೇ, ಕಣ್ಣು ಮುಚ್ಚಿ ಕಲ್ಲೆಸೆದರೆ ಒಬ್ಬರಿಗೆ ತಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಹತ್ತೊಂಬತ್ತು ಎಂಬುದನ್ನು ಹಾಗೆ ತಳ್ಳಿಹಾಕಲಾಗಲಿಲ್ಲ. ಇಷ್ಟು ವರ್ಷವೂ ಅವಳಿಗೆ ನಲ್ಲಿಯ ಸದ್ದು ಆಗಿಬರುತ್ತಿರಲಿಲ್ಲ. ನೀರು ಬಿಟ್ಟಾಗಲೆಲ್ಲ ಬೆನ್ನ ಹಿಂದೆ ಯಾರೋ ಒಣನಾಲಿಗೆಯಿಂದ ನೀರು ಕೇಳಿದಂತಾಗುತ್ತಿತ್ತು. ತಿರುಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ, ಇಲ್ಲವೇ ಹೀಗೆ ವಿದ್ಯಾರ್ಥಿನಿಯರು ಇರುತ್ತಿದ್ದರು.

"ಪ್ರೋ, ನಮಗೂ ಒಂದಿಷ್ಟು ನೀರು ಉಳಿಸಿ," ಎಂದಳು ಸಾಲಿನ ಮೊದಲ ಹುಡುಗಿ. ಉಳಿದವರು ನಕ್ಕರು. ಐದು ನಗು. ಆರು ಇರಬೇಕಿತ್ತು. "ಜುಸಿಮಾರಾ ಎಲ್ಲಿ?" ಎಂದು ಕೇಳಿದಳು. ಅಷ್ಟರಲ್ಲಿ ವಾರ್ಡಿನ ಮುಖ್ಯ ನರ್ಸ್ ಮಾರ್ಲೂಸಿ ತನ್ನ ಗಾಜಿನ ಕೋಣೆಯಿಂದ ಒಂದೇ ಬೆರಳಿನಲ್ಲಿ ಅವಳನ್ನು ಕರೆದಳು. ಐವತ್ತೆಂಟರ ಹೆಂಗಸನ್ನು, ಮೂವತ್ತು ವರ್ಷದಿಂದ ನರ್ಸುಗಳನ್ನು ತಯಾರು ಮಾಡುತ್ತಿರುವವಳನ್ನು ಹೀಗೆ ಒಂದು ಬೆರಳಿನಲ್ಲಿ ಕರೆಯುವುದೇ ಎಂದು ಮನಸ್ಸಿಗೆ ಚುಚ್ಚಿತು. ಆದರೂ ಹೋದಳು. ಈ ಹೆರಿಗೆ ಆಸ್ಪತ್ರೆ ತನ್ನ ಕಾಲೇಜಿಗೆ ಬಾಗಿಲು ಹಾಕಿದರೆ ಅವಳ ಹುಡುಗಿಯರು ಕಲಿಯಲು ಬೇರೆಲ್ಲಿಗೂ ಹೋಗುವಂತಿರಲಿಲ್ಲ.

ಮಾರ್ಲೂಸಿ ಫ್ಲಾಸ್ಕಿನಿಂದ ಪುಟ್ಟ ಲೋಟಕ್ಕೆ ಸಕ್ಕರೆ ಪಾಕದಂಥ ಕಾಫಿ ಬಗ್ಗಿಸಿದಳು. "ನಿಮ್ಮ ಆ ಜಡೆ ಹುಡುಗಿ ಏನು ಮಾಡಿದ್ದಾಳೆ ಗೊತ್ತಾ? ಏಳನೇ ಮಂಚದವಳ ಮುಖಕ್ಕೇ 'ನಿಮ್ಮ ಬಣ್ಣ ಯಾವುದು' ಅಂತ ಕೇಳಿದ್ದಾಳೆ. ಎಂಟು ಜನ ಬಾಣಂತೀರು ಇರೋ ಕೋಣೇಲಿ. ಅವಳ ಅಜ್ಜಿ ರಂಪ ಮಾಡಿಬಿಟ್ಳು. ಕೆಳಗಿನ ಔಷಧಿ ಕೋಣೆ ತನಕ ಕೇಳಿಸ್ತು."

"ನಮೂನೇಲಿ ರೋಗಿಯ ಬಣ್ಣ ಕೇಳಿಯೇ ಬರೀಬೇಕು ಅಂತ ನಿಯಮ ಇದೆಯಲ್ಲ ಮಾರ್ಲೂಸಿ."

"ನಿಯಮ ಪುಸ್ತಕದಲ್ಲಿರುತ್ತೆ. ನೀವೂ ನಾನೂ ಇಲ್ಲೀ ತನಕ ಕಣ್ಣಂದಾಜಲ್ಲೇ ಬರೆದೋರಲ್ವಾ? ಯಾರಿಗೆ ಏನು ನಷ್ಟ ಆಯ್ತು, ಹೇಳಿ." ಅವಳು ಜುಸಿಮಾರಾಳ ಮೌಲ್ಯಮಾಪನದ ಹಾಳೆಯನ್ನು ಮೇಜಿನ ಮೇಲೆ ಸರಿಸಿದಳು. "ನಡತೆ ಅನ್ನೋ ಕಡೆ ಹತ್ತಕ್ಕೆ ನಾಲ್ಕು ಹಾಕಿ. ಹನ್ನೊಂದು ಗಂಟೆಗೆ ಹಾಳೆ ಕಾಲೇಜಿಗೆ ಹೋಗುತ್ತೆ. ನಾನು ಬೇರೆ ದೂರು ಕೊಡಲ್ಲ, ನಿಮ್ಮ ಮುಖ ನೋಡಿ."

ಐದಕ್ಕಿಂತ ಕಡಿಮೆಯಾದರೆ ಜುಸಿಮಾರಾ ಆರು ತಿಂಗಳು ಹಿಂದೆ ಬೀಳುತ್ತಾಳೆ, ಹಿಂದೆ ಬಿದ್ದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ, ಅದು ನಿಂತರೆ ಆ ಹುಡುಗಿ ನರ್ಸ್ ಆಗುವುದೂ ನಿಂತಂತೆಯೇ. ಇದೆಲ್ಲ ದಲ್ವನೀರಾಗೆ ಬೆಳಕಿನಷ್ಟು ಸ್ಪಷ್ಟವಾಗಿತ್ತು. ಅಷ್ಟೇ ಸ್ಪಷ್ಟವಾಗಿ, ಈ ಕೋಣೆಯಲ್ಲಿ ಇನ್ನೊಂದು ನಿಮಿಷ ಕುಳಿತರೆ ಮಾತು ಏಳನೇ ಮಂಚಕ್ಕೆ ತಿರುಗುತ್ತದೆ, ಹೆಸರಿಗೆ ತಿರುಗುತ್ತದೆ ಎಂಬ ಭಯವೂ ಇತ್ತು. ಅವಳ ಕೈ ನಾಲ್ಕು ಎಂದು ಬರೆಯಿತು. ಬರೆದ ಮೇಲೆ ಹಾಳೆಯನ್ನು ಕೊಡಲಾಗದೆ, "ಒಟ್ಟು ಕೂಡಿಸಿ ತರ್ತೀನಿ," ಎಂದು ಮಡಚಿ ಕೋಟಿನ ಜೇಬಿಗೆ ಇಟ್ಟುಕೊಂಡಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಕಾಫಿಯನ್ನು ಮಾತ್ರ ಪೂರ್ತಿ ಕುಡಿದಿದ್ದಳು.

ಕಾರಿಡಾರಿನಲ್ಲಿ ನಡೆಯುವಾಗ ಅವ್ವನ ನೆನಪು ಬಂತು. ಅವ್ವ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ನರ್ಸಿಂಗ್ ಶಾಲೆಗೆ ಅರ್ಜಿ ಹಾಕಿದ್ದಳು. ಅರ್ಜಿಯ ಜೊತೆ ಫೋಟೋ ಕಳಿಸಬೇಕಿತ್ತು, ಅಕ್ಕಿಹಿಟ್ಟಿನಂಥ ಪೌಡರು ಬಳಿದುಕೊಂಡು ತೆಗೆಸಿದ ಫೋಟೋ ಒಂದೇ ವಾರದಲ್ಲಿ ಅದೇ ಲಕೋಟೆಯಲ್ಲಿ ವಾಪಸು ಬಂದಿತ್ತು. ಆಮೇಲೆ ಅವ್ವ ತನ್ನದನ್ನೆಲ್ಲ ಮಗಳ ಮೇಲೆ ತೀರಿಸಿಕೊಂಡಳು: ಬಿಸಿಲಲ್ಲಿ ನಿಲ್ಲಬೇಡ, ಮೂಗು ಸಣ್ಣಗಾಗಲು ಬಟ್ಟೆ ಸಿಕ್ಕಿಸುವ ಕ್ಲಿಪ್ ಹಾಕಿಕೊಂಡು ಕೂತಿರು, ಯಾರೆದುರಿಗೂ ಬಣ್ಣದ ಮಾತೆತ್ತಬೇಡ. ಕುರುಡನ ಎದುರು ಕುರುಡ ಎನ್ನುತ್ತಾರೇನು ಎಂದು ಕೇಳುತ್ತಿದ್ದಳು. ಆ ಪಾಠವನ್ನು ದಲ್ವನೀರಾ ಎಷ್ಟು ಚೆನ್ನಾಗಿ ಕಲಿತಳೆಂದರೆ, ನಮೂನೆಯಲ್ಲಿ ಬಿಳಿ, ಕಪ್ಪು, ಕಂದು, ಹಳದಿ, ಮೂಲನಿವಾಸಿ ಎಂದು ಐದು ಚೌಕಗಳು ಬಂದಾಗ, ರೋಗಿಯನ್ನು ಕೇಳಿ ಗುರುತು ಹಾಕಬೇಕೆಂದು ಆದೇಶ ಬಂದಾಗ, ಅವಳಿಗೆ ಬಾಯಿಯೇ ಬರಲಿಲ್ಲ. ಕಣ್ಣೆತ್ತಿ ನೋಡಿ ಕಂದು ಎಂದು ಹಾಕುತ್ತಿದ್ದಳು. ಕಪ್ಪಾಗಿದ್ದವರನ್ನು ಒಂದು ಮೆಟ್ಟಿಲು ಮೇಲೆ ಹತ್ತಿಸಿದೆ ಎಂಬ ಸಣ್ಣ ಸಂತೋಷವೂ ಆಗುತ್ತಿತ್ತು. ತರಗತಿಯಲ್ಲಿ ಮಾತ್ರ ಅಭ್ಯಾಸಕ್ಕೆಂದು ಇಟ್ಟ ಗುಲಾಬಿ ಮೈಬಣ್ಣದ ಬೊಂಬೆಯ ಪಕ್ಕ ನಿಂತು, "ಮೃದುವಾಗಿ, ಕಣ್ಣಲ್ಲಿ ಕಣ್ಣಿಟ್ಟು ಕೇಳಬೇಕು," ಎನ್ನುವಳು. ವಾರ್ಡಿನಲ್ಲಿ ಕಿವಿಯ ಹತ್ತಿರ ಬಂದು, "ಸುಮ್ನೆ ಹಾಕಿ, ಯಾಕೆ ನೋಯಿಸ್ತೀರಿ," ಎನ್ನುವಳು. ಇಷ್ಟು ವರ್ಷದಲ್ಲಿ ಎರಡನೆಯದನ್ನು ಕೇಳಿಸಿಕೊಳ್ಳದೆ ಮೊದಲನೆಯದನ್ನೇ ಮಾಡಿದವಳು ಜುಸಿಮಾರಾ ಒಬ್ಬಳೇ.

ಲಿಂದಿನಾಲ್ವಾ ದಾಸ್ ವಿರ್ಜೆನ್ಸ್. ಹತ್ತೊಂಬತ್ತು ವರ್ಷದ ಹಿಂದೆ, ಜೂನ್ ತಿಂಗಳ ಸಾಂವ್ ಜುವಾಂವ್ ಹಬ್ಬದ ಹಿಂದಿನ ದಿನದ ಮಧ್ಯಾಹ್ನ. ಆಗ ದಲ್ವನೀರಾ ಪಾಠದ ಜೊತೆಗೆ ಇದೇ ವಾರ್ಡಿನಲ್ಲಿ ಪಾಳಿಯನ್ನೂ ಮಾಡುತ್ತಿದ್ದಳು. ಅರ್ಧ ಆಸ್ಪತ್ರೆ ಊರಿಗೆ ಹೋಗಿತ್ತು, ಹೊರಗೆ ಬೀದಿಯಲ್ಲಿ ಪಟಾಕಿ, ಸುಟ್ಟ ಜೋಳದ ವಾಸನೆ. ಹೆತ್ತು ಮೂರು ಗಂಟೆಯಾಗಿದ್ದ ಆ ಹೆಂಗಸು ಹೊಟ್ಟೆ ನೋಯುತ್ತದೆ ಎಂದಳು, ನೀರು ಕೊಡಿ ಎಂದಳು, ಮತ್ತೆ ನೋವು ಎಂದಳು. ದಲ್ವನೀರಾ ಮಂಚದ ಕಾಲ್ದೆಸೆಯಲ್ಲಿ ನಿಂತೇ ಏನೋ ಹೇಳಿದಳು. ಏನು ಹೇಳಿದೆ ಎಂಬುದನ್ನು ಇಷ್ಟು ವರ್ಷವಾದರೂ ನೆನಪು ಬಿಟ್ಟುಕೊಟ್ಟಿಲ್ಲ. ಬರೆದದ್ದು ಮಾತ್ರ ನೆನಪಿದೆ, ಯಾಕೆಂದರೆ ಎಲ್ಲ ಬಾಣಂತಿಯರಿಗೂ ಬರೆಯುತ್ತಿದ್ದ ಸಾಲೇ ಅದು: ಸ್ಥಿತಿ ಚೆನ್ನಾಗಿದೆ, ಮುಖದಲ್ಲಿ ರಕ್ತದ ಕಳೆಯಿದೆ, ನೋವು ಸಹಿಸಬಲ್ಲಳು. ಮುಖದಲ್ಲಿ ಎಲ್ಲಿತ್ತು ಕಳೆ? ಅವಳು ಕಲಿತದ್ದು ಗುಲಾಬಿ ಬೊಂಬೆಯ ಮೇಲೆ. ಗುಲಾಬಿ ಬೆಳ್ಳಗಾದರೆ ಕಾಣುತ್ತದೆ, ಕಪ್ಪು ಬಿಳಿಚಿಕೊಳ್ಳುವುದನ್ನು ನೋಡಲು ಕೆಳರೆಪ್ಪೆಯನ್ನು ಎಳೆದು ನೋಡಬೇಕು, ತುಟಿಯ ಒಳಗನ್ನು ನೋಡಬೇಕು. ಅದನ್ನು ಯಾರೂ ಕಲಿಸಿರಲಿಲ್ಲ, ಅವಳೂ ಯಾರನ್ನೂ ಕೇಳಿರಲಿಲ್ಲ. ಒಳಗೇ ರಕ್ತ ಸೋರುತ್ತಿತ್ತು. ಸಂಜೆಗೆ ಹೆಂಗಸು ಇರಲಿಲ್ಲ. ವೈದ್ಯರು ಹಬ್ಬಕ್ಕೆ ಹೊರಡುವ ಆತುರದಲ್ಲಿ ಮರಣಪತ್ರಕ್ಕೆ ಸಹಿ ಹಾಕಿ, ಉಳಿದ ಚೌಕಗಳನ್ನು ತುಂಬಿಬಿಡಿ ಎಂದರು. ಬಣ್ಣದ ಚೌಕದ ಎದುರು ಅವಳ ಪೆನ್ನು ಒಂದು ಗಳಿಗೆ ನಿಂತಿತು. ಸತ್ತವಳಿಗೆ ಇಷ್ಟಾದರೂ ಮರ್ಯಾದೆ ಮಾಡೋಣ ಎನಿಸಿತು. ಕಂದು ಎಂದು ಹಾಕಿದಳು. ವರ್ಷದ ಕೊನೆಯಲ್ಲಿ ತಾಯಂದಿರ ಸಾವು ವಿಚಾರಿಸುವ ಸಮಿತಿಯವರು, ಈ ಆಸ್ಪತ್ರೆಯಲ್ಲಿ ಕಪ್ಪು ಹೆಂಗಸರು ಯಾರೂ ಸತ್ತಿಲ್ಲ, ಬಹಳ ಸಮಾಧಾನದ ವಿಷಯ ಎಂದು ಬರೆದರು. ಅದನ್ನು ಓದಿ ಹೇಳಿದ ಸಭೆಯಲ್ಲಿ ಅವಳೂ ಇದ್ದಳು. ಬಿಸ್ಕತ್ತು ತಿಂದಿದ್ದಳು.

ಕಾರಿಡಾರಿನ ಬೆಂಚಿನ ಮೇಲೆ ಜುಸಿಮಾರಾ ಕೂತಿದ್ದಳು, ಮೊಣಕಾಲ ಮೇಲೆ ಎರಡೂ ಕೈಯಿಟ್ಟುಕೊಂಡು. ಉದ್ದ ಹುಡುಗಿ, ಸಣ್ಣ ಸಣ್ಣ ಜಡೆಗಳನ್ನೆಲ್ಲ ಕೂಡಿಸಿ ಟೋಪಿಯೊಳಗೆ ತುರುಕಿದ್ದಳು. ಆ ಜಡೆಗಳ ಬಗ್ಗೆಯೂ ತಾನೊಮ್ಮೆ "ಸ್ವಲ್ಪ ಅಚ್ಚುಕಟ್ಟಾಗಿ ಬರಬಾರದಾ" ಎಂದಿದ್ದು ದಲ್ವನೀರಾಗೆ ನೆನಪಾಯಿತು.

"ಮೆಲ್ಲಗೇ ಕೇಳ್ದೆ ಪ್ರೋ. ನೀವು ಹೇಳಿಕೊಟ್ಟ ಹಾಗೇ. ಅವಳು 'ಕಪ್ಪು' ಅಂದ್ಲು. ನಗ್ತಾ ಅಂದ್ಲು. ಬರ್ಕೊಂಡೆ."

"ಮತ್ತೆ ಅಜ್ಜಿ ಯಾಕೆ ಕೂಗಾಡಿದ್ದು?"

"ಅಜ್ಜೀನೇ ಕೇಳಿ. ನಾನು ಹೇಳಿದ್ರೆ ಚಾಡಿ ಆಗುತ್ತೆ." ಆಮೇಲೆ ತಲೆ ತಗ್ಗಿಸಿ ಕೇಳಿದಳು, "ಪ್ರೋ, ನನ್ನ ಹಾಳೆಗೆ ಏನಾದ್ರೂ ಆಯ್ತಾ?"

"ನಡಿ, ಮೊದಲು ಒಳಗೆ ಹೋಗೋಣ," ಎಂದಳು ದಲ್ವನೀರಾ. ಜೇಬಿನಲ್ಲಿದ್ದ ಹಾಳೆ ತೊಡೆಯನ್ನು ಸುಡುತ್ತಿತ್ತು. ತಾನು ಹೋಗುತ್ತಿರುವುದು ಅಜ್ಜಿಯನ್ನು ಸಮಾಧಾನ ಮಾಡಲು ಮಾತ್ರ, ನಾಲ್ಕು ಮಾತಾಡಿ ಬರುವುದು, ಅಷ್ಟೇ ಎಂದು ಹೇಳಿಕೊಳ್ಳುತ್ತ ನಡೆದಳು.

ಅಂದು ಶುಕ್ರವಾರ, ದೇವರ ಹೆಸರಲ್ಲಿ ಬಿಳಿ ಉಡುವ ದಿನವಾದ್ದರಿಂದ ಅಜ್ಜಿ ತಲೆವಸ್ತ್ರದಿಂದ ಚಪ್ಪಲಿಯವರೆಗೆ ಬಿಳಿಯಲ್ಲಿದ್ದಳು. ಮೊಮ್ಮಗಳಿಗೆ ಡಬ್ಬಿಯಿಂದ ಜೋಳದ ಗಂಜಿ ಉಣಿಸುತ್ತಿದ್ದಳು. ದಲ್ವನೀರಾ ಬಾಣಂತಿಯ ಮುಖವನ್ನು ನೋಡಬಾರದೆಂದುಕೊಂಡೇ ನೋಡಿದಳು. ಹಣೆ ಲಿಂದಿನಾಲ್ವಾಳದೇ. ಮೂರು ಗಂಟೆಯ ಕೂಸಾಗಿದ್ದಾಗ ಇವಳನ್ನು ಟವೆಲಿನಲ್ಲಿ ಸುತ್ತಿದ್ದು ತಾನೇ.

"ನಾನು ಅನಾಲಿಯಾ," ಎಂದಳು ಅಜ್ಜಿ. "ನೀನು ಈ ಮಗೂಗೆ ಪಾಠ ಹೇಳೋಳೇನಮ್ಮ? ಚೆನ್ನಾಗಿ ಹೇಳಿಕೊಟ್ಟಿದೀಯ. ಇಲ್ಲಿಗೆ ಬಂದಾಗಿಂದ ನಮ್ಮನ್ನ ಏನಾದ್ರೂ ಒಂದು ಕೇಳಿದೋಳು ಅಂದ್ರೆ ಇವಳೇ."

"ನೀವು ಇವಳ ಮೇಲೆ ಕೂಗಾಡಿದ್ರಿ ಅಂತ…"

"ಇವಳ ಮೇಲೆ ಯಾಕೆ ಕೂಗಲಿ? ಆ ಗಾಜಿನ ಕೋಣೆಯೋಳು ಬಂದು 'ಕಪ್ಪು ಅಂತ ಬರೆದಿದೀಯಲ್ಲೇ, ಪಾಪ, ಕಂದು ಅಂತ ಮಾಡು' ಅಂತ ಪೆನ್ನು ಕಿತ್ಕೊಂಡ್ಳು. ಪಾಪ ಅಂತೆ. ಏನು, ನನ್ನ ಮೊಮ್ಮಗಳಿಗೆ ಕುಷ್ಠ ಬಂದಿದೆಯಾ? ಕಾಗದದ ಮೇಲೆ ಕೈಯಿಟ್ಟು, ಮುಟ್ಟು ನೋಡೋಣ ಅಂದೆ. ಜೋರಾಗೇ ಅಂದೆ. ಮೀನು ಮಾರೋ ಗಂಟಲು ನಂದು." ಪಕ್ಕದ ಮಂಚದ ಬಾಣಂತಿ ಬಾಯಿಗೆ ಕೈಯಿಟ್ಟುಕೊಂಡು ನಕ್ಕಳು. ಅಜ್ಜಿ ನಗಲಿಲ್ಲ. "ಇವಳ ತಾಯಿಗೂ ಹಿಂಗೇ ಮಾಡಿದ್ರು. ಇದೇ ಮಹಡೀಲಿ. ನನ್ನ ಲಿಂದಿನಾಲ್ವಾ ನನ್ನಷ್ಟೇ ಕಪ್ಪು. ಕಾಗದದಲ್ಲಿ ಕಂದು. ಇದ್ದಾಗ ಕೈ ಮುಟ್ಟಿ ನೋಡಲಿಲ್ಲ, ಸತ್ತ ಮೇಲೆ ಬಣ್ಣ ಬಳಿದು ಕಳಿಸಿದ್ರು. ತಿದ್ದಿಕೊಡಿ ಅಂತ ಮೂರು ಕಚೇರಿ ಅಲೆದೆ. ಬರೆದೋರೇ ಬಂದು, ತಪ್ಪಾಗಿದೆ ಅಂತ ಬರ್ಕೊಡಬೇಕಂತೆ. ಬರೆದೋರು ಯಾರು? ಯಾರಿಗೂ ಗೊತ್ತಿಲ್ಲ."

ದಲ್ವನೀರಾ ಈಗ ಅಲ್ಲಿಂದ ಹೋಗಿಬಿಡಬಹುದಿತ್ತು. ಅಜ್ಜಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ನಿವೃತ್ತಿಗೆ ಎರಡೇ ವರ್ಷ. ಕಾಲುಗಳು ಬಾಗಿಲ ಕಡೆ ತಿರುಗಿಯೂ ಇದ್ದವು. ಆಗ ಮಂಚದ ಮೇಲಿನ ಹುಡುಗಿ ತುಟಿ ಕಚ್ಚಿಕೊಂಡು, "ಪ್ರೋ, ಹೊಲಿಗೆ ಹಾಕಿದ ಕಡೆ ತುಂಬಾ ನೋವಾಗ್ತಿದೆ, ಬೆಳಿಗ್ಗೆಯಿಂದ ಹೇಳ್ತಾನೇ ಇದೀನಿ," ಎಂದಳು. ಜುಸಿಮಾರಾ, "ಎರಡು ಸಲ ಮಾತ್ರೆ ಕೇಳ್ದೆ ಪ್ರೋ, ಮಧ್ಯಾಹ್ನದ ತನಕ ತಡ್ಕೋತಾಳೆ ಬಿಡು ಅಂದ್ರು," ಎಂದಳು. ದಲ್ವನೀರಾ ಬಾಯಿ ತೆರೆದಳು, ಏನು ಹೇಳಬೇಕೆಂದು ಯೋಚಿಸುವ ಮೊದಲೇ ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು:

"ನೀವುಗಳು ಗಟ್ಟಿಮುಟ್ಟು ಜನ ಕಣಮ್ಮ. ನಿಮಗೆ ತಡೆಯೋ ಶಕ್ತಿ ಇದೆ."

ಡಬ್ಬಿಯೊಳಗೆ ಚಮಚ ನಿಂತಿತು.

"ಇನ್ನೊಂದ್ಸಲ ಹೇಳು," ಎಂದಳು ಅಜ್ಜಿ.

ಡಬ್ಬಿಯನ್ನು ಮಂಚದ ಮೇಲಿಟ್ಟು ಅಜ್ಜಿ ಅವಳ ಕಡೆಗೆ ಪೂರ್ತಿ ತಿರುಗಿದಳು.

"ಬಾಗಿಲ ಹೊರಗೆ ನಿಂತಿದ್ದೆ ನಾನು ಅವತ್ತು. ಒಳಗೆ ಬಿಡಲಿಲ್ಲ. ಬೀದೀಲಿ ಪಟಾಕಿ. ನನ್ನ ಮಗಳು ನೋವು ಅಂದ್ಳು. ಒಂದು ಹೆಂಗಸಿನ ಗಂಟಲು ಹೇಳ್ತು, ನೀವುಗಳು ಗಟ್ಟಿಮುಟ್ಟು ಜನ ಅಂತ. ಇದೇ ಗಂಟಲು."

ಇಷ್ಟು ವರ್ಷ ನೆನಪು ಅಡಗಿಸಿಟ್ಟದ್ದು ಇದೇ ಮಾತು. ಅದು ಎಲ್ಲಿಗೂ ಹೋಗಿರಲಿಲ್ಲ, ನಾಲಿಗೆಯ ಕೆಳಗೇ ಕೂತಿತ್ತು. ಎಷ್ಟು ಮಂಚಗಳ ಎದುರು, ಎಷ್ಟು ವಿದ್ಯಾರ್ಥಿನಿಯರ ಎದುರು ಇದನ್ನು ಹೇಳಿದ್ದೇನೋ, ಅವರು ಇದನ್ನೇ ಪಾಠವೆಂದು ತಿಳಿದು ಎಷ್ಟು ಊರುಗಳಿಗೆ ಹೊತ್ತುಕೊಂಡು ಹೋದರೋ. ಬಿಳಿಯ ಹೆಂಗಸೊಬ್ಬಳು ನೋವು ಎಂದಾಗ ತಾನು ಈ ಮಾತನ್ನು ಒಮ್ಮೆಯೂ ಹೇಳಿಲ್ಲ ಎಂಬುದೂ ಅದೇ ಕ್ಷಣ ಅವಳಿಗೆ ಹೊಳೆಯಿತು.

"ನಾನೇ," ಎಂದಳು. "ಹೇಳಿದ್ದೂ ನಾನೇ. ಕಾಗದದಲ್ಲಿ ಬರೆದದ್ದೂ ನಾನೇ."

ಅನಾಲಿಯಾ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನೀನು ಎತ್ತರದ ಹೆಂಗಸು ಅಂದ್ಕೊಂಡಿದ್ದೆ," ಎಂದಳು. "ಹತ್ತೊಂಬತ್ತು ವರ್ಷ ಒಂದು ಎತ್ತರದ ಹೆಂಗಸಿಗೆ ಶಾಪ ಹಾಕಿದೀನಿ. ಇಷ್ಟೇ ಇದೀಯಾ ನೀನು." ಡಬ್ಬಿಯ ಮುಚ್ಚಳ ಹಾಕಿದಳು. "ಮೊದಲು ಈ ಹುಡುಗಿಗೆ ಮಾತ್ರೆ ತಾ. ಆಮೇಲೆ ನನಗೆ ಕಾಗದ ಬರ್ಕೊಡು."

ದಲ್ವನೀರಾ ಹುಡುಗಿಯ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿದಳು. ಒಳಗೆ ಕೆಂಪಗಿತ್ತು. ತುಟಿಯ ಒಳಗನ್ನೂ ನೋಡಿದಳು, ಹೊಟ್ಟೆಯ ಮೇಲೆ ಅಂಗೈ ಊರಿದಳು, ಹೊಲಿಗೆ ನೋಡಿದಳು. ಎಲ್ಲ ಸರಿಯಾಗಿತ್ತು, ನೋವು ಮಾತ್ರ ನಿಜವಾಗಿತ್ತು. ಗಾಜಿನ ಕೋಣೆಗೆ ಹೋಗಿ ಮಾತ್ರೆ ಕೇಳಿದಳು. "ಪೆನ್ನೂ ಕೊಡಿ," ಎಂದು, ನಿಂತಲ್ಲೇ ಜೇಬಿನ ಹಾಳೆಯನ್ನು ಬಿಡಿಸಿ, ನಾಲ್ಕನ್ನು ಹೊಡೆದುಹಾಕಿ ಹತ್ತು ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಿದಳು.

"ದಲ್ವಾ, ಮುಂದಿನ ಸಲ ನಿಮ್ಮ ಹುಡುಗೀರನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀರಿ, ಯೋಚನೆ ಮಾಡಿದೀರಾ?" ಎಂದಳು ಮಾರ್ಲೂಸಿ, ಗಡಿಯಾರ ನೋಡುತ್ತ.

"ಇಲ್ಲ," ಎಂದಳು ದಲ್ವನೀರಾ. ನಿಜವಾಗಿಯೂ ಯೋಚಿಸಿರಲಿಲ್ಲ. ಮಾತ್ರೆ ತೆಗೆದುಕೊಂಡು ವಾರ್ಡಿಗೆ ನಡೆದಳು.

ಮಾತ್ರೆ ನುಂಗಿಸಿದ ಮೇಲೆ ಹಾಳೆಯನ್ನು ಜುಸಿಮಾರಾಗೆ ತೋರಿಸಿದಳು, ಹೊಡೆದುಹಾಕಿದ ನಾಲ್ಕು ಕಾಣುವಂತೆಯೇ. ಹುಡುಗಿ ಆ ನಾಲ್ಕನ್ನೇ ನೋಡುತ್ತ ನಿಂತಳು. ಅವಳ ಮುಖ ಗಡುಸಾಯಿತು, ಮತ್ತೆ ಮೊದಲಿನಂತೆ ಆಗಲಿಲ್ಲ. "ಹತ್ತು ಬೇಡ ಪ್ರೋ. ಆರನೇ ಮಂಚದಿಂದ ಏಳಕ್ಕೆ ಬರುವಾಗ ಕೈ ತೊಳೆದಿರಲಿಲ್ಲ ನಾನು. ಎಷ್ಟು ಬರುತ್ತೋ ಅಷ್ಟು ಕೊಡಿ."

"ಹಾಗಾದ್ರೆ ಒಂಬತ್ತು," ಎಂದು ದಲ್ವನೀರಾ ಮತ್ತೆ ತಿದ್ದಿದಳು.

ಕಾಗದ ಬರೆಯಲು ಕೂತಾಗ ಅಜ್ಜಿ ಕೈಯಡ್ಡ ಇಟ್ಟಳು. "ನೀನು ಬರೀಬೇಡ. ನಿನ್ನ ಕೈ ನಾನು ನಂಬಲ್ಲ. ನೀನು ಬಾಯಲ್ಲಿ ಹೇಳು, ಈ ಮಗು ಬರೀಲಿ." ಹಾಗಾಗಿ ಜುಸಿಮಾರಾ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಪಾಠದಲ್ಲಿ ಕಲಿತ ಕ್ರಮದಲ್ಲೇ ಒಂದೊಂದಾಗಿ ಕೇಳಿದಳು. ಯಾವ ದಿನ, ಎಷ್ಟು ಗಂಟೆ. ವಾರ್ಡಿನಲ್ಲಿ ಯಾರಿದ್ದರು. ರೋಗಿ ಏನು ಹೇಳಿದಳು. ದಲ್ವನೀರಾ ನಿಂತೇ ಉತ್ತರ ಕೊಟ್ಟಳು, ಪರೀಕ್ಷೆಗೆ ನಿಂತವಳಂತೆ. ಎಂಟು ಮಂಚಗಳೂ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದವು. ಯಾವುದೋ ಕೂಸು ಅತ್ತು ಮೊಲೆ ಸಿಕ್ಕಿ ಸುಮ್ಮನಾಯಿತು.

"ಬಣ್ಣದ ಚೌಕ ತುಂಬೋಕೆ ಮುಂಚೆ ಮನೆಯವರನ್ನ ವಿಚಾರಿಸಿದ್ರಾ?"

"ಇಲ್ಲ."

ಜುಸಿಮಾರಾ ಪೆನ್ನನ್ನು ಕಾಗದದಿಂದ ಎತ್ತಿದಳು. ಬಾಗಿಕೊಂಡು, ಅಜ್ಜಿಗೆ ಕೇಳಿಸದಷ್ಟು ಮೆಲ್ಲಗೆ, "ಪ್ರೋ, 'ವಿಚಾರಿಸೋಕೆ ಸಂದರ್ಭ ಒದಗಲಿಲ್ಲ' ಅಂತ ಬರೀಲಾ? ಹಬ್ಬದ ಹಿಂದಿನ ದಿನ ಬೇರೆ, ಜನ ಕಮ್ಮಿ ಇದ್ರು…" ಎಂದಳು. ಅವಳ ಕಣ್ಣಿನಲ್ಲಿ ಕನಿಕರವಿತ್ತು. ಅದು ಎಂಥ ಕನಿಕರವೆಂದು ದಲ್ವನೀರಾಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ತೆಗೆದುಕೊಂಡುಬಿಟ್ಟರೆ ಎಷ್ಟು ಹಗುರವಾಗುತ್ತದೆ ಎಂಬುದೂ ಗೊತ್ತಿತ್ತು.

"ಬೇಡ ಮಗಳೇ," ಎಂದಳು, ಎಲ್ಲರಿಗೂ ಕೇಳುವಂತೆ. "ವಿಚಾರಿಸಲಿಲ್ಲ ಅಂತ ಬರಿ. ನೋವು ಅಂದಾಗ ಮುಟ್ಟಿ ನೋಡಲಿಲ್ಲ ಅಂತ ಬರಿ. ನೀರು ಕೊಡಲಿಲ್ಲ ಅಂತಲೂ ಬರಿ."

ಜುಸಿಮಾರಾ ಮೂರನ್ನೂ ಬರೆದಳು. ಅಜ್ಜಿಗೆ ಒಂದು ಸಲ ಓದಿ ಹೇಳಿದಳು. ಆಮೇಲೆ ಕೆಳಗೆ ಸಹಿಗೆ ಜಾಗ ಬಿಟ್ಟು ಕಾಗದವನ್ನು ದಲ್ವನೀರಾಳ ಕಡೆಗೆ ತಿರುಗಿಸಿದಳು.